ಚೋಂದವ್ವನ ರಿವಾಲ್ವರಿಗೆ ಚೀಯಣ್ಣ ಗುಂಡು ತಂದದ್ದು

ಆಗಸ್ಟ್ ಹದಿನೇಳು, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಚೋಂದವ್ವ ಗಂಡನ ಪೆಟ್ಟಿಗೆಯ ಬೀಗ ತೆಗೆದಳು. ರಿವಾಲ್ವರ್ ಇತ್ತು. ಗುಂಡು ಒಂದೂ ಇರಲಿಲ್ಲ.

ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ಎರಡು: ಈ ರಿವಾಲ್ವರ್, ಮತ್ತು ಮಗ ಚೀಯಣ್ಣ. ರಿವಾಲ್ವರಿನ ಮೇಲೆ ಯಾರಿಗೂ ದೂರಿರಲಿಲ್ಲ. ಚೀಯಣ್ಣನಿಗೆ ಇಪ್ಪತ್ತೆಂಟು ವರ್ಷ, ಒಳ್ಳೆಯ ಮೈಕಟ್ಟು, ಒಳ್ಳೆಯ ಮನಸ್ಸು. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅವನ ಮೇಲಿದ್ದ ದೂರೂ ಅದೊಂದೇ.

ಹಿಂದಿನ ವಾರ ಹಾಡಹಗಲೇ ಇಬ್ಬರು ಬಂದು ಕುಡಿಯಲು ನೀರು ಕೇಳಿದ್ದರು. ಚೋಂದವ್ವ ನೀರು ತರಲು ಒಳಗೆ ಹೋದಳು. ತಂದಾಗ ಅವರೂ ಇರಲಿಲ್ಲ, ಜಗಲಿಯ ಹಿತ್ತಾಳೆ ಹಂಡೆಯೂ ಇರಲಿಲ್ಲ.

"ನೀನು ಇಲ್ಲೇ ಇದ್ದೆಯಲ್ಲೋ!"

"ಇದ್ದೆ ಅವ್ವಾ. 'ಇದನ್ನು ಸ್ವಲ್ಪ ಹಿಡ್ಕೋ' ಅಂದರು. ಹಿಡ್ಕೊಂಡೆ. ಜೀಪಿನ ತನಕ ಹಿಡ್ಕೊಂಡೆ!"

ಈ ಸುದ್ದಿ ಮೈದುನ ಬೆಳ್ಯಪ್ಪನ ಕಿವಿಗೆ ಬಿತ್ತು. ಅವನು ಬಂದ, ಜಗಲಿಯಲ್ಲಿ ಕುಳಿತ, ಮೀಸೆ ತೀಡಿದ.

"ಅತ್ತಿಗೇ, ನಿಮ್ಮ ಮನೆಯಲ್ಲಿ ಗುಂಡಿಲ್ಲದ ರಿವಾಲ್ವರ್, ಬುದ್ಧಿಯಿಲ್ಲದ ಮಗ. ಎರಡರಲ್ಲಿ ಒಂದನ್ನು ನನಗೆ ಕೊಟ್ಟುಬಿಡಿ. ಮಗ ಬೇಡ."

ಆಯುಧಗಳಿಗೆ ಹೂ ಮುಡಿಸಿ ಪೂಜಿಸುವ ಕೈಲು ಮುಹೂರ್ತದ ಹಬ್ಬಕ್ಕೆ ಹದಿನೇಳು ದಿನ ಉಳಿದಿತ್ತು. ಅಷ್ಟರೊಳಗೆ ಈ ಮನೆ ತನ್ನನ್ನು ತಾನು ಕಾಯಬಲ್ಲದೆಂದು ತೋರಿಸಬೇಕು. ಇಲ್ಲವಾದರೆ ರಿವಾಲ್ವರ್ ಬೆಳ್ಯಪ್ಪನ ಮನೆಗೆ ಹೋಗಬೇಕು. ಮನೆತನದ ಹಿರಿಯ ಸುಬೇದಾರ್ ಕುಶಾಲಪ್ಪನವರನ್ನು ಇದಕ್ಕೆ ಒಪ್ಪಿಸಿಯೇ ಬಂದಿದ್ದೇನೆಂದು ಹೇಳಿ, ಎರಡು ಲೋಟ ಕಾಫಿ ಕುಡಿದು, ಬೆಳ್ಯಪ್ಪ ಎದ್ದುಹೋದ.

ಕಳ್ಳರು ಮತ್ತೆ ಬಂದೇ ಬರುತ್ತಾರೆಂದು ಚೋಂದವ್ವನಿಗೆ ಗೊತ್ತಿತ್ತು. ಹಂಡೆ ಹೊತ್ತುಕೊಡುವ ಮನೆಯನ್ನು ಯಾವ ಕಳ್ಳ ಮರೆಯುತ್ತಾನೆ? ಅವಳ ಮೊಣಕಾಲು ಊದಿತ್ತು. ಪೇಟೆಗೆ ಹೋಗಬೇಕಾದವನು ಚೀಯಣ್ಣನೇ.

"ಕೇಳು ಮಗಾ. ರಿವಾಲ್ವರನ್ನು ಹೊರಗೆ ಒಯ್ಯಬೇಡ. ಅದರ ಬಾಯಿ ಎಷ್ಟಗಲ ಇದೆ ನೋಡಿಕೋ. ಆ ಬಾಯಿಗೆ ಸರಿಹೊಂದುವುದನ್ನು ತಗೊಂಡು ಬಾ."

ಚೀಯಣ್ಣ ಕಿರುಬೆರಳನ್ನು ನಳಿಗೆಯೊಳಗೆ ತೂರಿಸಿ ನೋಡಿದ. ಸರಿಹೊಂದಿತು. ಚೀಯಣ್ಣ ತಲೆಯಾಡಿಸಿದ. ಚೀಯಣ್ಣ ಹೊರಟ.

ಪೇಟೆಯಲ್ಲಿ ಕೋವಿ ಅಂಗಡಿ ಒಂದೇ. ಅಂಗಡಿಯ ಉಸ್ಮಾನ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಯಾವ ಅಳತೆಯ ಗುಂಡಪ್ಪಾ?"

"ಇಷ್ಟು!" ಎಂದು ಚೀಯಣ್ಣ ಕಿರುಬೆರಳು ಎತ್ತಿದ.

"ಇದು ಗುಂಡಿನ ಅಂಗಡಿ, ಉಂಗುರದ ಅಂಗಡಿಯಲ್ಲ. ಇಪ್ಪತ್ತೆರಡೋ? ಮೂವತ್ತೆರಡೋ? ನಂಬರ್ ಇಲ್ಲದೆ, ಕಾಗದಪತ್ರ ಇಲ್ಲದೆ ನಾನು ಕೊಡುವುದಿಲ್ಲ. ನಡಿ!"

ಚೀಯಣ್ಣ ನಡೆದ. ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದ. ಕಂಡದ್ದಕ್ಕೆಲ್ಲ ಕಿರುಬೆರಳು ಹಿಡಿದು ನೋಡಿದ. ಸಂಜೆ ಹೊತ್ತಿಗೆ ಒಂದು ಡಬ್ಬಿ ಹಿಡಿದು ಮನೆಗೆ ಬಂದ.

"ನೂರು ಇವೆ ಅವ್ವಾ! ಒಂದೊಂದೂ ಸರಿಹೊಂದುತ್ತೆ!"

ಚೋಂದವ್ವ ಡಬ್ಬಿ ತೆರೆದಳು. ಸೀಮೆಸುಣ್ಣ.

"ಅಯ್ಯೋ ನನ್ನ ಹಣೆಬರಹವೇ! ಕಳ್ಳ ಬಂದರೆ ಅವನಿಗೆ ಅಕ್ಷರ ಕಲಿಸುತ್ತೀಯಾ? ನಿನ್ನ ಬೆರಳನ್ನು ನಂಬಬೇಡವೋ. ತಿಳಿದವರನ್ನು ಕೇಳು. ಅವರು ಯಾವುದು ಒಳ್ಳೆಯದು ಅನ್ನುತ್ತಾರೋ ಅದನ್ನೇ ತಾ!"

ಚೀಯಣ್ಣ ತಲೆಯಾಡಿಸಿದ. ಚೀಯಣ್ಣ ಹೊರಟ.

ತಿಳಿದವರೆಲ್ಲ ಪೇಟೆಯ ಹೋಟೆಲಿನಲ್ಲೇ ಕುಳಿತಿದ್ದರು. ಸುಬೇದಾರ್ ಕುಶಾಲಪ್ಪನವರು ಮೇಜು ಗುದ್ದಿದರು.

"ಮೂವತ್ತೆರಡು ಒಂದು ಗುಂಡೇನೋ? ಅದು ಸೊಳ್ಳೆ! ಗಂಡಸಾದವನು ನಲವತ್ತೈದು ಇಡಬೇಕು. ಬಡಿದರೆ ಎದ್ದು ನಿಲ್ಲಬಾರದು!"

ನಿವೃತ್ತ ಪೋಸ್ಟ್‌ಮಾಸ್ಟರ್ ದೇವಯ್ಯನವರು ನಕ್ಕರು. "ನಲವತ್ತೈದು ಹಾರಿಸಿದರೆ ಚೋಂದವ್ವನ ಮಣಿಕಟ್ಟು ಮುರಿದೀತು ಸುಬೇದಾರರೇ. ಕಳ್ಳ ನಿಂತಿರುತ್ತಾನೆ, ನಾವು ಬಿದ್ದಿರುತ್ತೇವೆ. ಇಪ್ಪತ್ತೆರಡು ಸಾಕು. ಹಗುರ. ಮುದುಕಿಯೂ ಹಿಡಿಯಬಹುದು."

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೋಟೆಲಿನ ಭಟ್ಟರೂ ಬಾಯಿ ಹಾಕಿದರು. "ಬಡಿಯುವುದೂ ಬೇಡ, ಹಗುರವೂ ಬೇಡ. ಗುರಿ ತಪ್ಪದಿದ್ದರೆ ಸರಿ!"

ಮೂವರೂ ತಿಳಿದವರು. ಚೀಯಣ್ಣ ಮೂವರ ಮಾತನ್ನೂ ನೆನಪಿಟ್ಟುಕೊಂಡು ಉಸ್ಮಾನ್ ಸಾಹೇಬರ ಮುಂದೆ ನಿಂತ.

"ಸಾಹೇಬರೇ, ಮುದುಕಿಯೂ ಹಿಡಿಯುವಷ್ಟು ಹಗುರ ಇರಬೇಕು. ಬಡಿದರೆ ಎದ್ದು ನಿಲ್ಲಬಾರದು. ಗುರಿ ತಪ್ಪಲೇಬಾರದು. ಅಂಥದ್ದು ಕೊಡಿ."

ಸಾಹೇಬರು ನಿಟ್ಟುಸಿರು ಬಿಟ್ಟರು. "ಅಂಥದ್ದು ಈ ಪೇಟೆಯಲ್ಲಿ ಒಂದೇ ಒಂದು ಇದೆ. ನನ್ನ ಹೆಂಡತಿಯ ನಾಲಿಗೆ."

"ಎಲ್ಲಿದೆ?"

"ಮಹಡಿಯ ಮೇಲೆ."

ಚೀಯಣ್ಣ ಮಹಡಿ ಹತ್ತಿದ. ಸಾಹೇಬರ ಹೆಂಡತಿ ಜುಲೇಖಾಬಿ ಅಕ್ಕಿ ಆರಿಸುತ್ತಿದ್ದಳು.

"ಅಮ್ಮಾ, ನಿಮ್ಮ ನಾಲಿಗೆ ಬೇಕಿತ್ತು. ಸಾಹೇಬರು ಕಳಿಸಿದರು."

ಜುಲೇಖಾಬಿ ಮೊರವನ್ನು ಕೆಳಗಿಟ್ಟಳು. "ಯಾರೋ ನೀನು? ನಿನ್ನ ತಾಯಿ ನಿನ್ನನ್ನು ಹೆತ್ತಳೋ, ಕುಂಬಳಕಾಯಿಗೆ ಕೈಕಾಲು ಅಂಟಿಸಿದಳೋ? ಮೀಸೆ ಬಂದಿದೆ, ಮಿದುಳು ಇನ್ನೂ ದಾರಿಯಲ್ಲಿದೆಯೋ? ಕೆಳಗಿರುವ ಆ ಮುದುಕನಿಗೂ ಹೇಳು, ಇವತ್ತು ಅವನಿಗೆ ಊಟ ಅಂಗಡಿಯಲ್ಲೇ, ಆ ಗುಂಡುಗಳನ್ನೇ ಹುರಿದು ತಿನ್ನಲಿ ಅಂತ!"

ಚೀಯಣ್ಣ ಮೆಟ್ಟಿಲ ಮೇಲಿಂದ ಉರುಳಿದ. ಕುಂಟುತ್ತ, ಸಂತೋಷದಿಂದ ಮನೆಗೆ ಬಂದು, ಹೋಟೆಲಿನಲ್ಲಿ ಕಂಡು ಕೇಳಿದ್ದನ್ನೆಲ್ಲ ಒಪ್ಪಿಸಿದ.

"ಅವ್ವಾ, ಸಾಹೇಬರು ಹೇಳಿದ್ದು ನಿಜ! ಹಗುರ ಇದೆ, ಬಡಿದರೆ ನಿಲ್ಲೋಕಾಗಲ್ಲ, ಗುರಿಯೂ ತಪ್ಪಲಿಲ್ಲ. ಆದರೆ ಅವರು ಅದನ್ನು ಕೊಡುವುದಿಲ್ಲವಂತೆ!"

"ಅಯ್ಯೋ ನನ್ನ ಹಣೆಬರಹವೇ! ಊರವರ ಬಾಯಿಗೆ ಬೀಗವಿಲ್ಲ, ನಿನ್ನ ಕಿವಿಗೆ ಬಾಗಿಲಿಲ್ಲ. ರಿವಾಲ್ವರ್ ಮೂವತ್ತೆರಡರದ್ದು. ಮೂವತ್ತೆರಡರ ರಿವಾಲ್ವರಿಗೆ ಮೂವತ್ತೆರಡರದ್ದೇ ಗುಂಡು; ಸುಬೇದಾರರು ಮೇಜು ಗುದ್ದಿದರೆ ಅದು ನಲವತ್ತೈದು ಆಗುವುದಿಲ್ಲ. ಇಗೋ ಚೀಟಿ, ಇಗೋ ಕಾಗದಪತ್ರ. ಬಾಯಿ ತೆರೆಯಬೇಡ. ಕೊಡು, ತಗೋ, ಬಾ. ಗುಂಡಿಗೆ ತೇವ ತಾಕಬಾರದು. ತಂದವನೇ ಮನೆಯಲ್ಲಿ ಎಲ್ಲಕ್ಕಿಂತ ಒಣಗಿದ ಜಾಗದಲ್ಲಿ ಇಡು!"

ಚೀಯಣ್ಣ ತಲೆಯಾಡಿಸಿದ. ಚೀಯಣ್ಣ ಹೊರಟ. ಬಾಯಿ ತೆರೆಯಲಿಲ್ಲ. ಕೊಟ್ಟ, ತಗೊಂಡ, ಬಂದ. ಐವತ್ತು ಗುಂಡು! ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಚೋಂದವ್ವನ ಕಣ್ಣು ತುಂಬಿ ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನಿಗೆ ಕಡುಬು ಬೇಯಿಸೋಣವೆಂದು ಅಡಿಗೆಮನೆಗೆ ಹೋದಳು. ಒಲೆಗೆ ಬೆಂಕಿ ಹಚ್ಚಲು ಬಗ್ಗಿದಳು. ಒಲೆಯೊಳಗೆ ಬೂದಿಯ ಮೇಲೆ ಐವತ್ತೂ ಗುಂಡುಗಳು ಸಾಲಾಗಿ ಮಲಗಿದ್ದವು.

"ಚೀಯಣ್ಣಾ!"

"ಅದಕ್ಕಿಂತ ಒಣಗಿದ ಜಾಗ ಈ ಮನೆಯಲ್ಲಿಲ್ಲ ಅವ್ವಾ! ಎಲ್ಲ ಕಡೆ ಮುಟ್ಟಿ ನೋಡಿದೆ!"

ಚೋಂದವ್ವ ನೆಲದ ಮೇಲೆ ಕುಳಿತಳು. ಒಂದೊಂದೇ ಗುಂಡನ್ನು ಹೆಕ್ಕಿ ಮಡಿಲಿಗೆ ಹಾಕಿಕೊಂಡಳು.

"ಅಯ್ಯೋ ನನ್ನ ಹಣೆಬರಹವೇ! ಒಂದು ಕಡ್ಡಿ ಗೀರಿದ್ದರೆ ಕಳ್ಳರಿಗೆ ಕೆಲಸವೇ ಇರುತ್ತಿರಲಿಲ್ಲ. ಬೆಂಕಿಯ ಹತ್ತಿರ ಬೇಡ. ರಿವಾಲ್ವರಿನ ಹತ್ತಿರವೂ ಬೇಡ. ಎಲ್ಲವನ್ನೂ ಒಂದೇ ಕಡೆ ಇಡಬೇಡ, ಬೇರೆಬೇರೆ ಇಡು. ಯಾರಿಗೂ ಸಿಗಬಾರದು, ತಿಳಿಯಿತಾ? ಯಾರಿಗೂ!"

ಚೀಯಣ್ಣ ತಲೆಯಾಡಿಸಿದ. ಎರಡು ದಿನ ಅವನು ಒಳಗೂ ಹೊರಗೂ ಓಡಾಡಿದ. ಮೂರನೆಯ ದಿನ ಚೋಂದವ್ವ ಕೇಳಿದಳು.

"ಗುಂಡು ಎಲ್ಲಿಟ್ಟೆ ಮಗಾ?"

"ಬೇರೆಬೇರೆ ಇಟ್ಟೆ."

"ಬೇರೆಬೇರೆ ಅಂದರೆ?"

"ಐವತ್ತು ಗುಂಡು, ಐವತ್ತು ಜಾಗ!"

"ಯಾವ ಯಾವ ಜಾಗ?"

ಚೀಯಣ್ಣ ತಲೆ ಕೆರೆದುಕೊಂಡ. "ಯಾರಿಗೂ ಸಿಗಬಾರದು ಅಂದೆಯಲ್ಲ ಅವ್ವಾ. ನನಗೂ ಸಿಗುವುದಿಲ್ಲ!"

ತಾಯಿ ಮಗ ಹತ್ತು ದಿನ ಹುಡುಕಿದರು. ಸಾಸಿವೆ ಡಬ್ಬಿಯಲ್ಲಿ ಒಂದು ಸಿಕ್ಕಿತು. ಕಾವು ಕೂತ ಕೋಳಿಯ ಅಡಿಯಲ್ಲಿ ಒಂದು. ಗಂಡನ ಹಳೆಯ ಬೂಟಿನಲ್ಲಿ ಒಂದು, ದಿಂಬಿನಲ್ಲಿ ಒಂದು. ಒಂದನ್ನು ಬೆಕ್ಕು ಉರುಳಿಸಿಕೊಂಡು ಬಂತು. ಇನ್ನೊಂದು ಚೋಂದವ್ವ ಬಡಿಸಿಕೊಂಡ ಉಪ್ಪಿನಕಾಯಿಯಲ್ಲಿ ಬಂತು. ಒಟ್ಟು ಆರು. ರಿವಾಲ್ವರಿಗೆ ಹಿಡಿಸುವುದೂ ಆರೇ. ಚೋಂದವ್ವ ಅಷ್ಟಕ್ಕೇ ಹುಡುಕಾಟ ನಿಲ್ಲಿಸಿದಳು.

ಹಬ್ಬದ ಮುನ್ನಾದಿನ ಅವಳು ಆರನ್ನೂ ಒರೆಸಿ ತುಂಬಿ, ರಿವಾಲ್ವರನ್ನು ಮಗನ ಕೈಗಿಟ್ಟು, ಅವನನ್ನು ಎದುರಿಗೆ ನಿಲ್ಲಿಸಿದಳು.

"ಕಳ್ಳರು ಬಂದರೆ ಯಾರ ಕಡೆಗೂ ಗುರಿ ಹಿಡಿಯಬೇಡ. ಬಾಯಿ ಆಕಾಶಕ್ಕಿರಲಿ. ನಮಗೆ ಬೇಕಾದದ್ದು ಸದ್ದು. ಆದರೆ ಒಂದೇ ಗುಂಡು ಹಾರಿಸಬೇಡ. ಒಂದು ಕೇಳಿದರೆ ಈ ಮನೆಯಲ್ಲಿ ಗಂಡು ಮಗು ಹುಟ್ಟಿತು ಅಂತ ಊರು ಬರುತ್ತೆ. ಎರಡೂ ಹಾರಿಸಬೇಡ. ಎರಡು ಅಂದರೆ ಸಾವು. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ."

"ಒಂದೂ ಬೇಡ, ಎರಡೂ ಬೇಡ," ಎಂದು ಚೀಯಣ್ಣ ಬೆರಳು ಮಡಚಿದ. ಚೀಯಣ್ಣ ತಲೆಯಾಡಿಸಿದ.

ಮಧ್ಯಾಹ್ನ ಅದೇ ಇಬ್ಬರು ಬಂದರು. "ತಾಯೀ, ಕುಡಿಯೋಕೆ ನೀರು," ಎಂದರು. ಚೋಂದವ್ವ ಒಳಗೆ ಹೋಗಲಿಲ್ಲ. ಒಬ್ಬನು ಅವಳನ್ನು ಪಕ್ಕಕ್ಕೆ ತಳ್ಳಿ ಹೊಸಿಲು ದಾಟಿದ. ಚೋಂದವ್ವ ಕಂಬಕ್ಕೆ ಒರಗಿಕೊಂಡು ಕೂಗಿದಳು.

"ಚೀಯಣ್ಣಾ! ಹಾರಿಸೋ!"

ಢಂ!

ಕಳ್ಳರು ನಿಂತಲ್ಲೇ ನಿಂತರು. ಚೀಯಣ್ಣನಿಗೆ ನೆನಪಾಯಿತು: ಒಂದೇ ಹಾರಿಸಬಾರದು! ಸ್ವಲ್ಪ ಹೊತ್ತು ಯೋಚಿಸಿದ. ಇನ್ನೊಂದು ಹಾರಿಸಿದ. ಅಯ್ಯೋ, ಎರಡಾಯಿತಲ್ಲ! ಎರಡೂ ಆಗಬಾರದು! ಉಸಿರು ಬಿಡದೆ ಮತ್ತೊಂದು ಹಾರಿಸಿದ. ಕಳ್ಳರು ಮೇಲಿನ ದಾರಿಯತ್ತ ಓಟ ಕಿತ್ತರು.

ಊರಿಗೆ ಕೇಳಿಸಿದ್ದು ಹೀಗೆ: ಒಂದು. ಸ್ವಲ್ಪ ಬಿಟ್ಟು, ಜೊತೆಯಾಗಿ ಎರಡು.

ಕಾಲುಗಂಟೆಯೊಳಗೆ ಊರೇ ಬಂತು. ಕೆಳಗಿನ ದಾರಿಯಲ್ಲಿ ಬಾಣಂತಿಗೆಂದು ಶುಂಠಿ, ಬೆಲ್ಲ, ಬೆಳ್ಳುಳ್ಳಿ ಹಿಡಿದ ಹೆಂಗಸರು. ಮೇಲಿನ ದಾರಿಯಲ್ಲಿ ಬಿಳಿ ಬಟ್ಟೆ ಹಿಡಿದ ಗಂಡಸರು. ಓಡುತ್ತಿದ್ದ ಕಳ್ಳರು ನೇರವಾಗಿ ಗಂಡಸರ ತೋಳಿಗೆ ಬಿದ್ದರು. ಸಾವಿನ ಮನೆಯಿಂದ ಹೀಗೆ ಓಡುವವರು ಯಾರೆಂದು ಕೇಳಿದಾಗ "ನೀರು ಕುಡಿಯೋಕೆ ಬಂದವರು," ಎಂದರು. ಹೆಣಕ್ಕೆಂದು ತಂದ ಬಟ್ಟೆಯಲ್ಲೇ ಇಬ್ಬರನ್ನೂ ಕಟ್ಟಿದರು.

ಹೆಂಗಸರು ಆಗಲೇ ಅಂಗಳದಲ್ಲಿ ಎದೆ ಬಡಿದುಕೊಳ್ಳುತ್ತಿದ್ದರು. "ಅರವತ್ತರಲ್ಲಿ ಹೆರಬಾರದಿತ್ತಲ್ಲೇ ಚೋಂದವ್ವಾ! ಕೂಸನ್ನು ಬಿಟ್ಟು ಹೋದೆಯಲ್ಲೇ!"

ಚೋಂದವ್ವ ಜಗಲಿಯ ಮೇಲೆ ಬಂದು ನಿಂತಳು. "ನಾನು ಹೆತ್ತೂ ಇಲ್ಲ, ಸತ್ತೂ ಇಲ್ಲ. ಬಾಯಿ ಮುಚ್ಚಿ."

"ಹಾಗಾದರೆ ಹುಟ್ಟಿದವರು ಯಾರೋ?" ಎಂದು ಸುಬೇದಾರರು ಚೀಯಣ್ಣನನ್ನು ಗದರಿದರು.

"ನಾನು!"

"ಸತ್ತವರು?"

"ಅಪ್ಪ!"

"ಯಾವಾಗಲೋ?"

"ಮೊದಲೇ!"

ದೇವಯ್ಯನವರಿಗೆ ನಗು ತಡೆಯಲಾಗಲಿಲ್ಲ. ಬೆಳ್ಯಪ್ಪ ಮಾತ್ರ ನಗಲಿಲ್ಲ. ಕೈ ಮುಂದೆ ಚಾಚಿದ. "ನೋಡಿದಿರಲ್ಲ ಸುಬೇದಾರರೇ? ಇಂಥವನ ಕೈಯಲ್ಲಿ ರಿವಾಲ್ವರ್! ನಾಳೆಯ ತನಕ ಯಾಕೆ? ಈಗಲೇ ಕೊಡಿಸಿ."

ಸುಬೇದಾರರು ಕಟ್ಟಿಹಾಕಿದ್ದ ಕಳ್ಳರನ್ನು ನೋಡಿದರು. ಅಂಗಳ ತುಂಬಿದ್ದ ಜನರನ್ನು ನೋಡಿದರು. ಮೀಸೆಯ ಮೇಲೆ ಕೈಯಾಡಿಸಿದರು.

"ನಲವತ್ತೈದು ಆಗಿದ್ದರೆ ಇನ್ನೂ ನಾಲ್ಕು ಊರು ಬರುತ್ತಿತ್ತು. ಇರಲಿ. ಒಬ್ಬರಿಗೂ ಗಾಯವಿಲ್ಲ, ಇಬ್ಬರು ಸಿಕ್ಕಿಬಿದ್ದರು. ಈ ಮನೆ ತನ್ನನ್ನು ತಾನು ಕಾಯುತ್ತದೆ. ರಿವಾಲ್ವರ್ ಚೋಂದವ್ವನದ್ದೇ!"

ಚೋಂದವ್ವ ತಲೆ ಎತ್ತಿದಳು. ಆರು ವರ್ಷದಲ್ಲಿ ಅವಳು ಅಷ್ಟು ನೆಟ್ಟಗೆ ನಿಂತದ್ದಿಲ್ಲ.

"ಮಗಾ, ಹೆರಿಗೆಗೆ ಬಂದವರಿರಲಿ, ಸಾವಿಗೆ ಬಂದವರಿರಲಿ, ಎಲ್ಲರೂ ನಮಗಾಗಿ ಬಂದವರು. ನಾನು ಕಾಫಿಗೆ ಇಡುತ್ತೇನೆ. ಯಾರನ್ನೂ ಬರಿಗೈಯಲ್ಲಿ ಕಳಿಸಬೇಡ!"

ಚೀಯಣ್ಣ ತಲೆಯಾಡಿಸಿದ. ಬಾಳೆಗೊನೆ ಇಳಿಸಿ ಹಂಚಿದ. ಬಾಳೆಹಣ್ಣು ಮುಗಿಯಿತು. ತೆಂಗಿನಕಾಯಿ ಹಂಚಿದ. ಅದೂ ಮುಗಿಯಿತು. ದೇವಯ್ಯನವರಿಗೆ ಛತ್ರಿ, ಸುಬೇದಾರರಿಗೆ ಮೊರ. ಕೊನೆಗೆ ಗೇಟಿನ ಬಳಿ ಬೆಳ್ಯಪ್ಪ ಒಬ್ಬನೇ, ಕಾಫಿಯೂ ಬೇಡವೆಂದು, ಮುಖ ಊದಿಸಿಕೊಂಡು ಹೋಗುತ್ತಿದ್ದ. ಚೀಯಣ್ಣ ಜಗಲಿಯನ್ನು ನೋಡಿದ. ಅಲ್ಲಿ ಉಳಿದಿದ್ದದ್ದು ಒಂದೇ.

"ಚಿಕ್ಕಪ್ಪಾ, ನಿಲ್ಲಿ ನಿಲ್ಲಿ! ಬರಿಗೈ!"

ಚೋಂದವ್ವ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು.

"ಎಲ್ಲರಿಗೂ ಕೊಟ್ಟೆಯಾ?"

"ಎಲ್ಲರಿಗೂ ಕೊಟ್ಟೆ ಅವ್ವಾ!"

"ಚಿಕ್ಕಪ್ಪನಿಗೆ?"

"ಅವರಿಗೇ ಎಲ್ಲಕ್ಕಿಂತ ಒಳ್ಳೆಯದು! 'ಜೋಪಾನ, ಇನ್ನೂ ಮೂರು ಗುಂಡು ಇವೆ' ಅಂತಲೂ ಹೇಳಿದೆ. ಎಷ್ಟು ಸಂತೋಷಪಟ್ಟರು ಗೊತ್ತಾ! ಹಬ್ಬಕ್ಕೆ ನಾಳೆ ನಮ್ಮನ್ನೂ ಮನೆಗೆ ಕರೆದಿದ್ದಾರೆ!"

ಚೋಂದವ್ವ ಈ ಸಲ ಬೈಯಲಿಲ್ಲ. ಹಣೆ ಚಚ್ಚಿಕೊಳ್ಳಲಿಲ್ಲ. ತಟ್ಟೆಯನ್ನು ಕೆಳಗಿಟ್ಟು, ಒಂದು ಲೋಟ ತೆಗೆದುಕೊಂಡು, ಬಿಸಿಬಿಸಿ ಕಾಫಿಯನ್ನು ಪೂರ್ತಿ ಕುಡಿದಳು. ಮರುದಿನ ಬೆಳಿಗ್ಗೆ ಮಗನನ್ನು ಇಲ್ಲೇ ಬಿಟ್ಟು ಮೈದುನನ ಮನೆಗೆ ತಾನೊಬ್ಬಳೇ ಹೋಗುವುದೆಂದೂ, ಅಲ್ಲಿಂದ ಬರಿಗೈಯಲ್ಲಿ ಹಿಂತಿರುಗುವುದಿಲ್ಲವೆಂದೂ ಅವಳು ನಿರ್ಧರಿಸಿದಳು.