ಉಳಿದ ಹದಿಮೂರು ಫೋಟೋ

ಹುಣಸಿಬಾಳದಲ್ಲಿ ಹನ್ನೊಂದು ಕ್ಯಾಮೆರಾ ಇಟ್ಟವನು ನಾನೊಬ್ಬನೇ. ಹುಣಸಿಬಾಳ ಯಾಕೆ, ಇಡೀ ತಾಲೂಕಿನಲ್ಲಿ ಇನ್ನೊಬ್ಬನನ್ನು ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ.

ಎಲ್ಲವೂ ರೋಲು ಹಾಕುವ ಹಳೆಯ ಕ್ಯಾಮೆರಾಗಳು. ಏಳು ಕೈಯಿಂದ ಫೋಕಸ್ ತಿರುಗಿಸುವಂಥವು, ನಾಲ್ಕು ತಾವೇ ಫೋಕಸ್ ಹಿಡಿಯುವ ಆಟೋಫೋಕಸ್. ಮನೆಯಲ್ಲಿ ಗಾಜಿನ ಕಪಾಟು ಮಾಡಿಸಿ, ಒಳಗೆ ದೀಪ ಬಿಟ್ಟು, ಸಾಲಾಗಿ ನಿಲ್ಲಿಸಿದ್ದೆ. ಬಂದವರು ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಆದರೆ ಹನ್ನೊಂದರಲ್ಲಿ ಒಂದು ಸತ್ತಿತ್ತು. ಅದು ನಮ್ಮಪ್ಪನದು.

ಅಪ್ಪ, ಅಂದರೆ ಫೋಟೋ ಚನ್ನವೀರಪ್ಪ, ಸುತ್ತ ಏಳು ಹಳ್ಳಿಯ ಮದುವೆಗಳನ್ನು ಅದರಲ್ಲೇ ತೆಗೆದವನು. ತೀರಿಕೊಂಡು ನಾಲ್ಕು ವರ್ಷ. ಅವನ ಕೊನೆಯ ರೋಲು ಒಳಗೆ ಹಾಗೇ ಉಳಿದಿತ್ತು. ಮೂವತ್ತಾರು ಫೋಟೋದ ರೋಲು. ಮೇಲಿನ ಕಿಂಡಿಯಲ್ಲಿ ಇಪ್ಪತ್ಮೂರು ಅಂತ ತೋರಿಸುತ್ತಿತ್ತು.

ಇಪ್ಪತ್ಮೂರು ಸಲ ಅಪ್ಪ ಏನನ್ನೋ ನೋಡಿ ಕ್ಲಿಕ್ ಮಾಡಿದ್ದ. ಏನನ್ನು ಅಂತ ನನಗೆ ನೋಡಬೇಕಿತ್ತು.

ರೋಲನ್ನು ಮುಂದೆ ಸರಿಸುವ ಲಿವರ್ ಕದಲದು, ರೋಲು ಹಿಂದೆ ಸುತ್ತದು. ಹಿಂಬದಿಯ ಮುಚ್ಚಳ ತೆರೆದರೆ ಬೆಳಕು ಬಡಿದು ಫೋಟೋಗಳೆಲ್ಲ ಹಾಳು. ಅಷ್ಟೂ ತಿಳಿಯದ ದಡ್ಡನಲ್ಲ ನಾನು.

ಪೇಟೆಯ ಮೂವರು ರಿಪೇರಿಯವರು ಕೈಚೆಲ್ಲಿದರು. ಮೂರನೆಯವನು ಹೇಳಿದ: "ಹೊಳೆದಂಡಿ ದಸ್ತಗೀರ ಮಾಸ್ತರ ಕಡೆ ಹೋಗು. ಕ್ಯಾಮೆರಾ ಉಳಿಸ್ತಾರ. ನಿನಗೂ ನಾಕು ಅಕ್ಷರ ಕಲಿಸ್ತಾರ."

"ಉಳಿಸಲಿ ಸಾಕು," ಅಂದೆ. "ಕಲಿಯೋದು ನನಗೇನೂ ಉಳಿದಿಲ್ಲ."

ಮಾಸ್ತರರದು ಹೊಳೆಯ ಮೆಟ್ಟಿಲುಗಳ ಮೇಲೆ ತಗಡು ಹೊದಿಸಿದ ಒಂದೇ ಕೋಣೆ. ಎದುರಿಗೆ ಒಂದು ಕಲ್ಲುಕಟ್ಟೆ. ಇಂಥ ಮನುಷ್ಯನ ಕೈಗೆ ಹನ್ನೊಂದು ಕ್ಯಾಮೆರಾ ಕೊಡೋದೇ? ಮೊದಲ ಅನುಮಾನ ಅಲ್ಲೇ ಹುಟ್ಟಿತು.

ಆದರೂ ಚಾಪೆಯ ಮೇಲೆ ಎಲ್ಲವನ್ನೂ ಜೋಡಿಸಿ, ಕಾಲರ್ ಸರಿ ಮಾಡಿಕೊಂಡು ನಿಂತೆ.

ಮುದುಕರು ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಕ್ಲಿಕ್ ಮಾಡಿ ಕೆಳಗಿಟ್ಟರು.

"ಇವುಗಳಾಗ ಎಷ್ಟು ರೋಲು ತೆಗದೀಯಪಾ?"

"ಏ, ಇವು ಕಲೆಕ್ಷನ್ ರೀ. ಮುಟ್ಟಂಗಿಲ್ಲ."

"ಹಂಗಾದ್ರ ಎಲ್ಲಾ ಒಂದ ಹಾದಿ ಹಿಡದಾವ."

"ಯಾವ ಹಾದಿ?"

ಅವರು ಅಪ್ಪನ ಕ್ಯಾಮೆರಾ ಎತ್ತಿ ತೋರಿಸಿದರು. "ಇದರ ಹಾದಿ."

ಮುದುಕ ಹೆದರಿಸಿ ಗಿರಾಕಿ ಮಾಡಿಕೊಳ್ಳುತ್ತಾನೆ ಅಂದುಕೊಂಡೆ.

"ಹನ್ನೊಂದೂ ಇಲ್ಲೇ ಇರಲಿ," ಅಂದರು. "ನೀನೂ ಇರು. ಕೆಲಸ ನಿಧಾನ ಐತಿ."

"ಕೆಟ್ಟದ್ದು ಒಂದು. ಉಳಿದ ಹತ್ತು ಯಾಕ್ರೀ ನಿಮಗ?"

"ಮನ್ಯಾಗ ಒಬ್ಬ ಮಲಗಿದ ಅಂದ್ರ ಉಳಿದವರ ನಾಡಿ ನೋಡಬಾರದೇನು?"

ಅಪ್ಪನ ಇಪ್ಪತ್ಮೂರು ಫೋಟೋ ಅವರ ಕೈಯಲ್ಲಿದ್ದವು. ಒಪ್ಪಿಕೊಂಡೆ.

ಎಲ್ಲವನ್ನೂ ಒಳಗೆ ಒಯ್ದರು. "ಬಾಗಿಲಾ ಮುಚ್ಚಪಾ, ಧೂಳು ಬರ್ತದ."

ಮುಚ್ಚಿದೆ. ಹೊರಗೆ ನಿಂತು ಮುಚ್ಚಿದೆ.

ಸಂಜೆ ಅವರು ಕಟ್ಟೆಗೆ ಬಂದು ತಮ್ಮದೊಂದು ಸವೆದ ಕ್ಯಾಮೆರಾ ನನ್ನ ಕೈಗಿಟ್ಟರು. "ಇದರಾಗ ರೋಲು ಐತೋ ಇಲ್ಲೋ? ತೆರೀಲಾರದ ಹೇಳು."

ನನಗೇ ಪರೀಕ್ಷೆ! ನಕ್ಕುಬಿಟ್ಟೆ. "ಎಡಗಡೆ ಗುಂಡಿ ತಿರುವಿದ್ರ ಮುಗೀತು. ರೋಲು ಇದ್ರ ಬಿಗಿ ಹತ್ತತದ. ಖಾಲಿ ಇದ್ರ ಗಿರ್ ಅಂತ ತಿರಗತದ." ತಿರುಗಿಸಿದೆ. ಗಿರ್ರನೆ ತಿರುಗಿತು. "ಖಾಲಿ."

"ಭೇಷ್, ಬಸೂ. ಮರೀಬ್ಯಾಡ."

"ನಾನು? ಮರೆಯೋದಾ?"

ಮರುದಿನ ಹೊತ್ತು ಮೂಡುವಾಗ ಕಟ್ಟೆಯ ಮೇಲೆ ಎದ್ದು ಕೂತೆ. ಕೋಣೆಯೊಳಗಿಂದ ಸದ್ದು. ಟಕ್. ಟಕ್. ಠಳಕ್.

ಆ ಸದ್ದು ನನಗೆ ಗೊತ್ತಿಲ್ಲವೇ? ನನ್ನ ಕ್ಯಾಮೆರಾಗಳು.

ಮೆಲ್ಲಗೆ ಹೋಗಿ ಎರಡು ಕದಗಳ ನಡುವಿನ ಸಂದಿಗೆ ಕಣ್ಣು ಹಚ್ಚಿದೆ. ಮುದುಕ ಹೊಳೆಯ ಕಡೆಯ ಕಿಟಕಿಗೆ ಬೆನ್ನು ಮಾಡಿ ಕೂತು, ನನ್ನ ಕ್ಯಾಮೆರಾಗಳನ್ನು ಒಂದಾದ ಮೇಲೊಂದು ಎತ್ತಿ ಕ್ಲಿಕ್ ಮಾಡುತ್ತಿದ್ದಾನೆ. ನಾನೇ ಮುಟ್ಟದವನ್ನು!

ಆ ದಿನ ಊಟಕ್ಕೆ ಕೂತಾಗ ಸೂಕ್ಷ್ಮವಾಗಿ ಕೇಳಿದೆ. "ಮಾಸ್ತರ, ಮಂದಿ ಕ್ಯಾಮೆರಾ ಬಳಸೋದು ತಪ್ಪಲ್ಲೇನ್ರೀ?"

ಅವರು ರೊಟ್ಟಿ ಮುರಿಯುತ್ತಾ ಅಂದರು: "ತನ್ನದನ್ನ ಬಳಸದಿರೋದು ಅದಕ್ಕಿಂತ ದೊಡ್ಡ ತಪ್ಪು."

ಕಳ್ಳನಿಗೆ ಮಾತು ಬಲು ಚಂದ ಬರುತ್ತದೆ ಅಂದುಕೊಂಡೆ.

ನಾನೇನು ಕಡಿಮೆಯೇ? ಒರೆಸಿ ಕೊಡುತ್ತೇನೆಂದು ಮಧ್ಯಾಹ್ನ ನನ್ನದೊಂದು ಕ್ಯಾಮೆರಾ ಹೊರಗೆ ಇಸಿದುಕೊಂಡೆ. ಅವರಿಗೆ ಕಾಣದಂತೆ ಕಪ್ಪು-ಬಿಳುಪಿನ ರೋಲು ಹಾಕಿ, ಮೇಲಿನ ಕಿಂಡಿಯಲ್ಲಿ ಒಂದು ಬರುವ ಹಾಗೆ ಮಾಡಿ, ತಿರುಗಿ ಕೊಟ್ಟೆ. ಏನು ತೆಗೆಯುತ್ತಾನೋ ತೆಗೆಯಲಿ. ರೋಲು ತೊಳೆಸಿ, ಫೋಟೋ ಮಾಡಿಸಿ ಮುಖದ ಮೇಲೆ ಹಿಡಿದರಾಯಿತು.

ದಿನಾ ಬೆಳಿಗ್ಗೆ ಸದ್ದು. ದಿನಾ ನನ್ನ ಕಣ್ಣು ಸಂದಿಯಲ್ಲಿ. ನನ್ನ ಬಲೆಯ ಕ್ಯಾಮೆರಾವನ್ನು ಅವರು ದಿನಕ್ಕೆ ಒಂದೇ ಸಲ ಕ್ಲಿಕ್ ಮಾಡುತ್ತಿದ್ದರು. ಅದನ್ನೂ ಬಾಗಿಲ ಕಡೆ ತಿರುಗಿಸಿ. ನಾನು ಕಂಡಿರಲಿಕ್ಕಿಲ್ಲ, ಸಂದಿ ಅಷ್ಟು ಸಣ್ಣದು.

ಆಮೇಲೆ ಅಪ್ಪನ ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದರು. ತಳದ ತಗಡು ಬಿಚ್ಚಿ, ಸೂಜಿಯ ತುದಿಯಲ್ಲಿ ಒಂದು ಹನಿ ಏನನ್ನೋ ಬಿಟ್ಟು, ಹಾಗೇ ಇಡುತ್ತಿದ್ದರು. ದಿನಕ್ಕೆ ಒಂದೇ ಹನಿ.

"ಇಷ್ಟು ತಡ ಯಾಕ್ರೀ?" ಅಂತ ಕೇಳಿದೆ.

"ಇದು ಒಡದಿಲ್ಲ, ಬಸೂ. ಕೂತ ಕೂತ ಒಳಗಿನ ಎಣ್ಣಿ ಅಂಟಾಗೇದ. ಕೂತದ್ದನ್ನ ಎಬ್ಬಸೂದಕ್ಕ ಹೊತ್ತು ಬೇಕು."

ಹೊತ್ತು ಕಳೆದಷ್ಟೂ ನನ್ನ ಹತ್ತು ಕ್ಯಾಮೆರಾದ ಮೇಲೆ ಆಟ ಆಡಬಹುದಲ್ಲ. ಅರ್ಥವಾಯಿತು.

ಬಲೆ ಹಾಕಿದ ಮೇಲಿನ ಒಂಬತ್ತನೆಯ ಬೆಳಿಗ್ಗೆ ಸಂದಿಯಲ್ಲಿ ನೋಡಿದೆ. ಮುದುಕ ಬಲೆಯ ಕ್ಯಾಮೆರಾವನ್ನು ಬಾಗಿಲ ಕಡೆ ಹಿಡಿದು ಕ್ಲಿಕ್ ಮಾಡಿದ. ಆಮೇಲೆ ಅದರ ಎಡಗಡೆ ಗುಂಡಿಯನ್ನು ಗರಗರ ಸುತ್ತಿ, ರೋಲು ಹೊರಗೆ ತೆಗೆದು, ಡಬ್ಬಿಗೆ ಹಾಕಿ ಜುಬ್ಬದ ಜೇಬಿಗೆ ಇಳಿಸಿದ.

ಬಾಗಿಲ ಸಂದಿಯ ಕಡೆ ಒಮ್ಮೆ ನೋಡಿದ. ಆಮೇಲೆ ಇನ್ನೊಂದು ಕ್ಯಾಮೆರಾ ಎತ್ತಿಕೊಂಡ. ಅತ್ತ ತಿರುಗಿದ, ಬೆನ್ನು ಅಡ್ಡ ಬಂತು. ಮತ್ತೆ ಅದೇ ಗರಗರ. ಜೇಬಿಗೆ ಎರಡನೆಯ ಡಬ್ಬಿ.

ಎರಡನೆಯದು ಯಾವುದು? ನಾನು ಹಾಕಿದ್ದು ಒಂದೇ ರೋಲು.

ಅಪ್ಪನದು! ಇಷ್ಟು ದಿನ ಸುತ್ತದ್ದು ಇವತ್ತು ಸುತ್ತಿತೇ? ಸುತ್ತಿದ್ದರೆ ನನ್ನನ್ನು ಕರೆಯಬೇಕಿತ್ತಲ್ಲ? ಸಂಜೆತನಕ ಕಾದೆ. ಮುದುಕ ರೋಲಿನ ಮಾತೇ ಎತ್ತಲಿಲ್ಲ. "ಉಂಡೀ ಏನಪಾ?" ಅಂತ ಮಾತ್ರ ಕೇಳಿದ.

ಮರುದಿನ ಬೆಳಿಗ್ಗೆ ಸದ್ದಿಲ್ಲ. ಮಾಸ್ತರರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಳೆಗೆ ಇಳಿದರು. ಮುಚ್ಚಿದ ಕದದ ಮುಂದೆ ನಾನೊಬ್ಬನೇ.

ಬಾಗಿಲು ಮುರಿದೇ ಒಳಗೆ ಹೋಗುವುದೆಂದು ನಾಲ್ಕು ಹೆಜ್ಜೆ ಹಿಂದೆ ಸರಿದು, ಭುಜ ಕೊಟ್ಟು ನುಗ್ಗಿದೆ. ಕದ ಎಷ್ಟು ಸಲೀಸಾಗಿ ತೆರೆಯಿತೆಂದರೆ ನಾನು ಹೋಗಿ ಚಾಪೆಯ ಮೇಲೆ ಬೋರಲು ಬಿದ್ದೆ.

ಎದ್ದವನೇ ಅಪ್ಪನ ಕ್ಯಾಮೆರಾ ಹಿಡಿದೆ. ಒಳಗೆ ರೋಲು ಇಲ್ಲ, ಖಂಡಿತ ಇಲ್ಲ, ಮುದುಕ ನುಂಗಿದ್ದಾನೆ. ಹಿಂಬದಿಯ ಮುಚ್ಚಳವನ್ನು ಫಟ್ಟನೆ ತೆರೆದೆ.

ಖಾಲಿ.

ನನ್ನ ಲೆಕ್ಕ ಎಂದಾದರೂ ತಪ್ಪಿದೆಯೇ?

ಮಾಸ್ತರರು ಒದ್ದೆ ಟವೆಲ್ಲಿನೊಂದಿಗೆ ಬಾಗಿಲಲ್ಲಿ ನಿಂತಿದ್ದರು.

"ಎಲ್ಲೈತಿ ನಮ್ಮಪ್ಪನ ರೋಲು?" ಅಂತ ಕೂಗಿದೆ. "ಗುರು ಅಂತ ಗುರು! ಇಷ್ಟು ದಿನ ನನ್ನ ಕೂಡಿಸಿ ಮಂಗ್ಯಾನ ಮಾಡೀರಿ!"

"ತೆರದೇನು?"

"ತೆರದೆ! ಖಾಲಿ ಐತಿ! ನನ್ನ ಅನುಮಾನ ಖರೇ ಆತು!"

"ಖರೇ ಆತು," ಅಂದರು. "ನಿನ್ನಿ ನಾನ ತೆಗದೆ." ಟವೆಲ್ ಹಿಂಡಿ ಹಗ್ಗಕ್ಕೆ ಹಾಕಿದರು. "ಸುಳ್ಳಾಗಿದ್ರ?"

"ಏನು?"

"ನಿನ್ನ ಅನುಮಾನ ಸುಳ್ಳಾಗಿ, ರೋಲು ಒಳಗ ಇದ್ದಿದ್ರ?"

ಬಾಗಿಲಿಂದ ಬಿಸಿಲು ನೇರವಾಗಿ ಬಂದು ತೆರೆದ ಕ್ಯಾಮೆರಾದ ಹೊಟ್ಟೆಯೊಳಗೆ ಬಿದ್ದಿತ್ತು.

"ಎಡಗಡೆ ಗುಂಡಿ ತಿರುವಿದ್ರ ಗೊತ್ತಾಗತಿತ್ತಲ್ಲ," ಅಂದರು ಮಾಸ್ತರರು. "ನೀನ ಹೇಳಿಕೊಟ್ಟಿದ್ದಿ."

ಲಿವರಿನ ಮೇಲೆ ನನ್ನ ಹೆಬ್ಬೆರಳು ತಾನಾಗಿಯೇ ಸರಿಯಿತು. ನಾಲ್ಕು ವರ್ಷ ಕದಲದ ಲಿವರ್ ಬೆಣ್ಣೆಯಂತೆ ತಿರುಗಿತು. ಒತ್ತಿದೆ. ಟಕ್.

"ಮೊನ್ನೇನ ಸಡಲ ಆತು," ಅಂದರು. "ಹಂಗ ನಿನ್ನ ಕೈಯಾಗ ಕೊಡೂನು ಅಂತ ಇದ್ದೆ. ರೋಲು ಸಮೇತ. ನಿಮ್ಮಪ್ಪ ಇಪ್ಪತ್ಮೂರು ತೆಗದಾನ. ಉಳಿದ ಹದಿಮೂರು ಮಗ ತೆಗೀಲಿ, ಅದರಾಗ."

"ಮತ್ತ ಯಾಕ ಸುತ್ತಿ ತೆಗದ್ರಿ?"

ಅವರು ಕಿಟಕಿಯ ಸರಳಿಗೆ ಒಣಹಾಕಿದ್ದ ಒಂದು ನೆಗೆಟಿವ್ ಪಟ್ಟಿ ಬಿಡಿಸಿ ತಂದರು. ಒಂದು ಲೆನ್ಸನ್ನು ತಲೆಕೆಳಗು ಮಾಡಿ ಕೊಟ್ಟರು. "ಯಾಕ ಅಂತ ಇದರಾಗ ಐತಿ. ಭೂತಗನ್ನಡಿ ಮಾಡಿ ನೋಡು. ನೀನು ಕದ್ದು ಹಾಕಿದ ರೋಲು. ಮೊದಲನೇ ದಿನ ಗುಂಡಿ ತಿರುವಿದೆ, ಬಿಗಿ ಹತ್ತಿತು."

ಬೆಳಕಿಗೆ ಹಿಡಿದು ನೋಡಿದೆ. ಕಪ್ಪು ಬಿಳಿ ತಿರುಗಾಮುರುಗಾ. ಒಂಬತ್ತು ಚೌಕ. ಒಂಬತ್ತರಲ್ಲೂ ಬಾಗಿಲು. ಎರಡು ಕದಗಳ ನಡುವೆ ಸಂದಿ. ಸಂದಿಯಲ್ಲಿ ಒಂದು ಕಣ್ಣು.

ಕಿವಿ ಬಿಸಿಯಾಯಿತು. ಆದರೆ ಹುಣಸಿಬಾಳದವನು ಸುಮ್ಮನೆ ಸೋಲುತ್ತಾನೆಯೇ? ಒಂದು ತಪ್ಪು ಸಿಕ್ಕೇಬಿಟ್ಟಿತು.

"ಕಣ್ಣು ಮಸುಕ ಬಂದದ ಮಾಸ್ತರ! ಒಂಬತ್ತರಾಗೂ ಫೋಕಸ್ ತಪ್ಪೀರಿ. ನನ್ನ ಆಟೋಫೋಕಸ್ ತಗೊಂಡಿದ್ರ ಕಣ್ಣು ಎತ್ತಿ ಹಿಡೀತಿತ್ತು."

"ಹಿಡೀತಿತ್ತು. ಅದಕ್ಕ ತಗೊಳ್ಳಲಿಲ್ಲ. ಫೋಕಸ್ ಎಲ್ಲೈತಿ ನೋಡು."

ಮತ್ತೆ ನೋಡಿದೆ. ಕಣ್ಣಿನ ಪಕ್ಕದಲ್ಲಿ, ಕದದ ಒಳಬದಿಯಲ್ಲಿ, ಒಂದು ಕಬ್ಬಿಣದ ಚಿಲಕ. ಅದರ ತುಕ್ಕಿನ ಗುಳಿ ಸಹ ಎಣಿಸಬಹುದು, ಅಷ್ಟು ಸ್ಪಷ್ಟ.

ಒಂಬತ್ತು ದಿನವೂ ಅದು ಕೆಳಗೆ ಜೋತುಬಿದ್ದಿತ್ತು. ಒಂದು ದಿನವೂ ಹಾಕಿರಲಿಲ್ಲ.

ನಾನು ಪಟ್ಟಿ ಕೆಳಗಿಟ್ಟೆ.

ಮಾಸ್ತರರು ಜೇಬಿನಿಂದ ಡಬ್ಬಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಮುಚ್ಚಳ ಬಿಗಿಯಾಗಿ ಹಾಕಿತ್ತು. "ತಗೋ. ಇಪ್ಪತ್ಮೂರು ಅದಾವ. ಹೆಂಗ ತೊಳೀಬೇಕು ಅಂತ ಇವತ್ತಿನಿಂದ ಕಲಿ. ನೀನ ತೊಳಿ."

ಡಬ್ಬಿ ಹಗುರವಾಗಿತ್ತು. ಅಪ್ಪನ ಕೊನೆಯ ರೋಲು ಇಷ್ಟು ಹಗುರವೇ? ಎಲ್ಲ ಡಬ್ಬಿಗಳೂ ಒಂದೇ ಥರ. ಹೊರಗೆ ಹೆಸರಿಲ್ಲ, ಗುರುತಿಲ್ಲ. ಬೇಡ ಬೇಡ ಅಂದರೂ ನಾಲಿಗೆ ಕೇಳಬೇಕಲ್ಲ.

"ಮಾಸ್ತರ, ಇದು ನಮ್ಮಪ್ಪಂದ ರೋಲು ಅಂತ ಏನು ಖಾತ್ರಿ?"

ಅವರು ಎರಡೂ ಕದಗಳನ್ನು ಅಗಲವಾಗಿ ತೆರೆದರು. ಕೋಣೆಯ ತುಂಬ ಬಿಸಿಲು ಬಂತು.

"ಖಾತ್ರಿ ಬೇಕೇನು? ತಗೋ, ಬೆಳಕು ಐತಿ. ಬಿಚ್ಚಿ ನೋಡು."