ಬೇಕರಿಯವಳು ಹೇಳದ ಮಾತು

“ಗುರುಗಳೇ, ದೇವರ ಬಗ್ಗೆ ಸಂದೇಹ ಇಟ್ಟುಕೊಂಡವನಿಗೆ ದೇವರ ಮನೆಯಲ್ಲಿ ಜಾಗ ಕೊಡಬಹುದೇ?”

ಕೇಳಿದವನು ಹೊಸದಾಗಿ ಪಾದ್ರಿಯಾದ ಶಿಷ್ಯ. ಅವನಿಗೆ ಒಪ್ಪಿಸಿದ ಚರ್ಚಿನ ಸಭೆಯಲ್ಲಿ ಒಬ್ಬ ಮನುಷ್ಯನಿದ್ದ. ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಿದ್ದ, ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ನಿಂತು, ಇದರಲ್ಲಿ ಅರ್ಧಕ್ಕರ್ಧ ನನಗೆ ನಂಬಿಕೆಯಿಲ್ಲ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದ. ಅವನನ್ನು ಇಟ್ಟುಕೊಳ್ಳುವುದೋ ಹೊರಗೆ ಕಳಿಸುವುದೋ ಎಂಬುದು ಶಿಷ್ಯನಿಗೆ ಬಗೆಹರಿದಿರಲಿಲ್ಲ.

“ಕೊಡಬಾರದು ಅಂತ ನೀನು ಆಗಲೇ ತೀರ್ಮಾನ ಮಾಡಿದ್ದೀಯ,” ಎಂದರು ಗುರುಗಳು. “ಅದನ್ನು ನನ್ನ ಬಾಯಿಂದ ಹೇಳಿಸಲು ಇಷ್ಟು ದೂರ ಬಂದಿದ್ದೀಯ. ನಾನು ಹೇಳುವುದಿಲ್ಲ. ಬಂದದ್ದಕ್ಕೆ ಒಂದು ಕತೆ ಕೇಳಿಕೊಂಡು ಹೋಗು.”

ಗುರುಗಳು ಹೇಳಿದ ಕತೆ ಇದು.

ಒಂದು ಊರಿನ ಚರ್ಚಿನ ಓಣಿಯಲ್ಲಿ ಒಬ್ಬ ಹೆಂಗಸು ಬೇಕರಿ ನಡೆಸುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು. ಯೇಸುವಿನ ನೆನಪಿಗೆ ಸಭೆಯವರು ರೊಟ್ಟಿ ಮುರಿದು ತಿನ್ನುವ ಪ್ರಭುವಿನ ಭೋಜನದ ದಿನ ಚರ್ಚಿನ ಮೇಜಿನ ಮೇಲಿಡುವ ರೊಟ್ಟಿ ಅವಳ ಒಲೆಯಿಂದಲೇ ಬರುತ್ತಿತ್ತು. ಅವಳ ನಾಲಿಗೆ ಚುರುಕು, ಕೈ ಧಾರಾಳ. ಓಣಿಯವರು ಅವಳಿಗೆ ಹೆದರುತ್ತಲೂ ಇದ್ದರು, ಅವಳ ಅಂಗಡಿಗೇ ಹೋಗುತ್ತಲೂ ಇದ್ದರು.

ಮಗಳಿಗೆ ಜ್ವರ ಬಂತು. ಆಸ್ಪತ್ರೆಯವರು ತಮ್ಮ ಕೈಲಾಗದೆಂದು ಮನೆಗೆ ಕಳಿಸಿದರು. ಸಭೆಯವರೆಲ್ಲ ಬಂದು ಹಾಸಿಗೆಯ ಸುತ್ತ ಮೊಣಕಾಲೂರಿದರು. ಸಭೆಯ ಹಿರಿಯ ಮಗುವಿನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದ. ಎದ್ದು ನಿಂತು, “ಚಿಂತಿ ಮಾಡಬ್ಯಾಡವಾ. ದೇವರು ಸರ್ವಶಕ್ತ ಅದಾನ. ಗಟ್ಟಿಯಾಗಿ ನಂಬು, ನಿನ್ನ ಮಗಳು ಏಳತಾಳ,” ಎಂದ. ಅವಳು ಗಟ್ಟಿಯಾಗಿಯೇ ನಂಬಿದಳು. ಮಗು ಏಳಲಿಲ್ಲ.

ಮಣ್ಣು ಮಾಡಿ ಬರುವಾಗ ಅದೇ ಹಿರಿಯ, ಎಲ್ಲೋ ನಮ್ಮ ನಂಬಿಕೆಯೇ ಸಾಲದೆ ಹೋಯಿತೇನೋ ಎಂದ. ನಮ್ಮ ಎಂದನಾದರೂ ಅವನ ಕಣ್ಣು ಅವಳ ಮೇಲಿತ್ತು. ಈ ಕತೆಯಲ್ಲಿ ಎಲ್ಲರನ್ನೂ ನಾನು ಕ್ಷಮಿಸಬಲ್ಲೆ, ಆ ಒಂದು ಮಾತನ್ನು ಕ್ಷಮಿಸಲಾರೆ. ಮಗುವನ್ನು ಕಳೆದುಕೊಂಡವಳ ತಲೆಗೇ ಆ ಸಾವನ್ನು ಕಟ್ಟುವವರನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅವಳು ಚರ್ಚು ಬಿಡಲಿಲ್ಲ. ಮುಂದಿನ ಭಾನುವಾರವೇ ಬಂದಳು, ತನ್ನ ಜಾಗದಲ್ಲಿ ನಿಂತಳು. ಆರಾಧನೆಯ ನಡುವೆ ಎಲ್ಲರೂ ಎದ್ದು ನಿಂತು ನಂಬಿಕೆಯ ಪ್ರಮಾಣವನ್ನು ಒಂದೇ ದನಿಯಲ್ಲಿ ಹೇಳುವುದು ನಿನಗೆ ಗೊತ್ತೇ ಇದೆ. ಸರ್ವಶಕ್ತನಾದ ತಂದೆಯನ್ನು ನಂಬುತ್ತೇನೆ ಎಂದು ಅದು ಶುರುವಾಗುತ್ತದೆ. ಅವಳು ‘ಸರ್ವಶಕ್ತನಾದ’ ಎಂಬಲ್ಲಿ ಬಾಯಿ ಮುಚ್ಚಿಕೊಂಡಳು. ‘ತಂದೆ’ ಎಂಬಲ್ಲಿ ತೆರೆದಳು. ಮಿಕ್ಕದ್ದನ್ನೆಲ್ಲ ಕೊನೆಯ ಆಮೆನ್‌ವರೆಗೆ ಒಂದಕ್ಷರ ಬಿಡದೆ ಹೇಳಿದಳು.

ಪಕ್ಕದಲ್ಲಿ ನಿಂತವಳಿಗೆ ಇದು ಗೊತ್ತಾಯಿತು. ಸಂಜೆಯೊಳಗೆ ಹಿರಿಯನಿಗೂ ಗೊತ್ತಾಯಿತು. ಅವನು ಪಾದ್ರಿಯನ್ನು ಕರೆದುಕೊಂಡು ಬೇಕರಿಗೆ ಬಂದ. ಆ ಪಾದ್ರಿ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯ ಎಂದರೆ ಯಾರಿಗೂ ಎದುರಾಡದವನು ಎಂದು ಅವನು ತಿಳಿದುಕೊಂಡಿದ್ದ.

“ಪ್ರಮಾಣದಾಗ ಒಂದು ಮಾತು ಬಿಟ್ಟು ಹೇಳ್ತೀಯಂತ. ಖರೆ ಏನವಾ?” ಎಂದು ಪಾದ್ರಿ ಮೆಲ್ಲಗೆ ಕೇಳಿದ.

“ಖರೇರಿ ಅಯ್ನೋರ,” ಎಂದಳು ಅವಳು. “ದೇವರಿಗೆ ಶಕ್ತಿ ಇತ್ತು, ಇದ್ದೂ ನನ್ನ ಕೂಸನ್ನ ಕೈಬಿಟ್ಟಾ ಅಂದ್ರ, ಅವನ್ನ ತಂದಿ ಅಂತ ಹೆಂಗ ಕರೀಲಿ? ಯಾವ ತಂದಿ ಹಂಗ ಮಾಡ್ತಾನ್ರಿ? ಅವನ ಕೈಲೆ ಆಗಲಿಲ್ಲ ಅಂದ್ರ, ನನ್ನಂಗ ಅವನೂ ಹಾಸಿಗಿ ಮಗ್ಗಲಕ್ಕ ಅಳಕೋತ ಕುಂತಿದ್ದ ಅಂತ ತಿಳಕೋತೀನಿ. ಎರಡರಾಗ ಒಂದು ಬಿಡಬೇಕು. ತಂದಿ ಅನ್ನೂದನ್ನ ನಾ ಬಿಡೂದಿಲ್ಲ.”

“ಹಿಂದಿನವರು ಬರೆದಿಟ್ಟಂಗ ಹೇಳಬೇಕವಾ. ನಮಗ ಬೇಕಾದಂಗ ಹೇಳಾಕ ಅದೇನು ಸಂತ್ಯಾಗಿನ ಮಾತಲ್ಲ,” ಎಂದ ಹಿರಿಯ.

“ಸಂತ್ಯಾಗ ಆಗಿದ್ರ ಸುಳ್ಳು ಹೇಳ್ತಿದ್ದೆನ್ರಿ. ಅವನ ಮನ್ಯಾಗ ನಿಂತು ಅವನ ಮುಂದ ಹೇಳೂದಿಲ್ಲ.”

ಹಿರಿಯರ ಕೂಟ ಸೇರಿತು. ಈಸ್ಟರ್ ಹಬ್ಬದವರೆಗೆ ಅವಳಿಗೆ ಸಮಯ ಕೊಡುವುದು, ಆ ದಿನವೂ ಆ ಮಾತು ಹೇಳದಿದ್ದರೆ ಪ್ರಭುವಿನ ಮೇಜಿಗೆ ಅವಳನ್ನು ಬರಗೊಡದೆ ಸಭೆಯಿಂದ ಹೊರಗಿಡುವುದು ಎಂದು ತೀರ್ಮಾನವಾಯಿತು. ಸಭೆಯಿಂದ ಹೊರಗಾದವರಿಗೆ ಸಭೆಯ ಸಮಾಧಿ ಭೂಮಿಯಲ್ಲಿ ಜಾಗವಿರಲಿಲ್ಲ. ಅಂದರೆ ಅವಳು ಸತ್ತಾಗ ಮಗಳ ಪಕ್ಕದಲ್ಲಿ ಅವಳಿಗೆ ಮಣ್ಣಿಲ್ಲ. ಹಬ್ಬದ ರೊಟ್ಟಿಯನ್ನು ಅವಳೇ ಮಾಡಿ ಕಳಿಸಬೇಕು ಎಂಬುದರಲ್ಲಿ ಮಾತ್ರ ಕೂಟದಲ್ಲಿ ಯಾರ ತಕರಾರೂ ಇರಲಿಲ್ಲ.

ಅವಳಿಗೆ ಹೆದರಿಕೆಯಾಗಲಿಲ್ಲ ಎಂದುಕೊಳ್ಳಬೇಡ. ಬಹಳ ಹೆದರಿದಳು. ಸಮಾಧಿಗೆ ಹೋಗಿ ಮಗಳ ಪಕ್ಕದ ಖಾಲಿ ನೆಲದ ಮೇಲೆ ಕೂತಳು. ಒಂದು ಮಾತು ತಾನೇ, ಹೇಳಿಬಿಟ್ಟರೆ ನನ್ನ ಗಂಟೇನು ಹೋಗುತ್ತದೆ ಎಂದು ತನ್ನನ್ನೇ ಕೇಳಿಕೊಂಡಳು. ಹೇಳಿದರೆ ಇಲ್ಲಿ ಮಲಗಬಹುದು. ಆದರೆ ಮಗಳ ಮುಖ ನೋಡುವುದು ಹೇಗೆ ಎಂದು ಅನ್ನಿಸಿತು. ಅಲ್ಲೇ ಅತ್ತಳು, ದೇವರನ್ನು ಬಾಯಿಗೆ ಬಂದಂತೆ ಬೈದಳು, ಮನೆಗೆ ಬಂದು ಒಲೆ ಹೊತ್ತಿಸಿದಳು.

ಈಗ ಹಿರಿಯನ ವಿಷಯಕ್ಕೆ ಬರೋಣ. ಅಷ್ಟು ಜನ ಒಟ್ಟಿಗೆ ಹೇಳುವಾಗ ಒಬ್ಬಳು ಒಂದು ಮಾತು ಬಿಟ್ಟದ್ದು ಹೇಗೆ ಕೇಳಿಸಬೇಕು? ಹಿರಿಯ ತನ್ನ ಬೆಂಚು ಬಿಟ್ಟು ಬಂದು ಅವಳ ಹಿಂದೆ ನಿಲ್ಲತೊಡಗಿದ. ಆದರೂ ಸರಿಯಾಗಿ ಕೇಳಿಸಲಿಲ್ಲ, ತನ್ನ ದನಿಯೇ ಅಡ್ಡ ಬರುತ್ತಿತ್ತು. ಆ ಮಾತು ಬಂದಾಗ ತಾನು ಬಾಯಿ ಮುಚ್ಚಿದ. ಆಗ ಕೇಳಿಸಿತು. ಅವನನ್ನು ನೋಡಿ ಅವನ ಹೆಂಡತಿಯೂ ಹಾಗೆ ಮಾಡಿದಳು. ಮುಂದಿನ ಸಾಲಿನವರು ಕತ್ತು ತಿರುಗಿಸಿ ಅವಳ ತುಟಿ ನೋಡತೊಡಗಿದರು. ಭಾನುವಾರದಿಂದ ಭಾನುವಾರಕ್ಕೆ ಆ ಒಂದು ಮಾತಿನ ಹೊತ್ತಿಗೆ ಚರ್ಚಿನ ದನಿ ಇಳಿಯುತ್ತಾ ಬಂತು. ಯಾರೂ ಅದನ್ನು ಗಮನಿಸಲಿಲ್ಲ, ಎಲ್ಲರ ಗಮನ ಅವಳ ಮೇಲಿತ್ತು.

ಹಿರಿಯ ಕೆಟ್ಟವನಲ್ಲ. ಆ ಮಗುವಿನ ತಲೆಯ ಮೇಲೆ ಇಟ್ಟದ್ದು ಅವನ ಕೈ. ಏಳುತ್ತಾಳೆ ಎಂದು ಮಾತು ಕೊಟ್ಟದ್ದು ಅವನ ಬಾಯಿ. ಆವತ್ತಿನಿಂದ ಅವನೊಳಗೂ ಏನೋ ಕುಸಿದಿತ್ತು, ಅದನ್ನು ಯಾರಿಗೆ ಹೇಳುತ್ತಾನೆ? ಅವಳೊಬ್ಬಳು ಆ ಮಾತು ಹೇಳಿಬಿಟ್ಟರೆ ತನಗೂ ಸಮಾಧಾನವಾದೀತೆಂದು ಕಾದಿದ್ದ.

ಈಸ್ಟರ್ ಬಂತು. ಅವಳ ರೊಟ್ಟಿ ಬಿಳಿ ಬಟ್ಟೆಯ ಕೆಳಗೆ ಮೇಜಿನ ಮೇಲಿತ್ತು. ಚರ್ಚು ಕಿಕ್ಕಿರಿದಿತ್ತು. ಎಂದೂ ಚರ್ಚಿನ ಮುಖ ನೋಡದವರು ಕೂಡ ಆವತ್ತು ಬಂದಿದ್ದರು. ಯಾಕೆ ಬಂದಿದ್ದರೆಂದು ನಾನು ಬೇರೆ ಹೇಳಬೇಕೇ? ಎಲ್ಲರೂ ಎದ್ದು ನಿಂತರು. ಪಾದ್ರಿ ಪ್ರಮಾಣ ಶುರು ಮಾಡಿದ, ಸಭೆ ದನಿಗೂಡಿಸಿತು. ಆ ಮಾತು ಬಂತು.

ಹಿರಿಯ ಬಾಯಿ ಮುಚ್ಚಿದ. ಅವನ ಹೆಂಡತಿ ಬಾಯಿ ಮುಚ್ಚಿದಳು. ಮುಂದಿನವರು, ಹಿಂದಿನವರು, ಗೋಡೆಗೊರಗಿದವರು, ಎಲ್ಲರೂ ಉಸಿರು ಬಿಗಿಹಿಡಿದು ಬಾಯಿ ಮುಚ್ಚಿದರು. ಪಾದ್ರಿ ಕೂಡ ಅವಳನ್ನೇ ನೋಡುತ್ತ ನಿಂತುಬಿಟ್ಟ. ಚರ್ಚಿನಲ್ಲಿ ಒಂದು ದನಿಯೂ ಇರಲಿಲ್ಲ. ಆಮೇಲೆ ಅವಳೊಬ್ಬಳ ದನಿ ಕೇಳಿಸಿತು: “ತಂದೆಯನ್ನು ನಂಬುತ್ತೇನೆ.”

“ಕೇಳಿದ್ರಿಲ್ಲೋ? ಹೇಳಲಿಲ್ಲ!” ಎಂದು ಹಿರಿಯ ಕೂಗಿದ.

ಅವಳು ತಿರುಗಿ ನಿಂತಳು. “ನೀವು ಹೇಳಿದ್ರೇನ್ರಿ?”

“ನಾವು… ನೀ ಹೇಳೂದು ಕೇಳಬೇಕಂತ ಸುಮ್ಮನಿದ್ವಿ.”

“ನಾ ಸುಮ್ಮನಿದ್ದದ್ದು ದೇವರು ಕೇಳಲಿ ಅಂತ್ರಿ.”

ಎಲ್ಲರೂ ಪಾದ್ರಿಯತ್ತ ನೋಡಿದರು. ಯಾರಿಗೂ ಎದುರಾಡದ ಆ ಮನುಷ್ಯನ ಮುಖ ಕೆಂಪಾಗಿತ್ತು. ಆ ಮಾತು ಹೇಳದವರು ಪ್ರಭುವಿನ ಮೇಜಿಗೆ ಬರಬಾರದೆಂದು ನಮ್ಮ ಕೂಟ ತೀರ್ಮಾನ ಮಾಡಿದೆ ಎಂದು ಅವನು ಹೇಳಿದ. ಇವತ್ತು ನಾನೂ ಆ ಮಾತು ಹೇಳಲಿಲ್ಲ ಎಂದು ಹೇಳಿ, ಮೇಜಿನಿಂದ ದೂರ ಸರಿದು ಕೂತುಬಿಟ್ಟ. ಒಂದೊಂದೇ ಬೆಂಚು ಕಿರ್ರೆಂದಿತು. ಎಲ್ಲರೂ ಕೂತರು. ಹಬ್ಬದ ದಿನ, ತುಂಬಿದ ಚರ್ಚು, ಮೇಜಿನ ಮೇಲೆ ರೊಟ್ಟಿ. ಹತ್ತಿರ ಹೋಗುವ ಹಕ್ಕು ಒಬ್ಬರಿಗೂ ಇಲ್ಲ.

ಕೂರದೆ ಉಳಿದವಳು ಅವಳೊಬ್ಬಳೇ. ಬೆಂಚುಗಳ ನಡುವೆ ನಡೆದು ಹೋಗಿ ಮೇಜಿನ ಮುಂದೆ ಕೈಚಾಚಿ ನಿಂತಳು.

“ಏಳ್ರಿ ಅಯ್ನೋರ,” ಎಂದಳು. “ಅಪ್ಪನ ಜೋಡಿ ಜಗಳಾಡೀನಿ ಅಂತ ಅಪ್ಪನ ಮನೀ ಊಟ ಬಿಡ್ಲೇನ್ರಿ? ಜಗಳ ಇನ್ನೂ ಮುಗಿದಿಲ್ಲ. ನಾ ಸಾಯೂತನಾ ಬರತೀನಿ, ಸಾಯೂತನಾ ಕೇಳತೀನಿ. ಅವನೇ ನನ್ನ ಹೊರಗ ಹಾಕಲಿ, ನೋಡೋಣ.”

ಪಾದ್ರಿ ಎದ್ದ. ರೊಟ್ಟಿ ಮುರಿದು ಅವಳ ಅಂಗೈಯಲ್ಲಿಟ್ಟ. ಅವಳು ತಿಂದಳು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಎದ್ದು ಬಂದರು. ಇನ್ನೊಬ್ಬರು ಬಂದರು. ಎಲ್ಲರೂ ಬಂದು ಹೋಗುವವರೆಗೆ ಹಿರಿಯ ತಲೆತಗ್ಗಿಸಿ ಕೂತಿದ್ದ. ಕೊನೆಗೆ ಎದ್ದು ಬಂದು, ಕೈಚಾಚುವ ಮುಂಚೆ ಅವಳ ಕಡೆ ತಿರುಗಿ, “ಕೂಸಿನ ಮಣ್ಣಿನ ದಿನ ನಾ ಅಂದದ್ದು ತಪ್ಪು ತಂಗೀ,” ಎಂದ. ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದೋ, ಹೌದು ತಪ್ಪೇ ಎಂದೋ, ನನಗೆ ಗೊತ್ತಿಲ್ಲ.

ಅವಳನ್ನು ಹೊರಗಿಡುವ ಮಾತನ್ನು ಮುಂದೆ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಇಡೀ ಸಭೆಯೇ ಹೊರಗೆ ಹೋಗಬೇಕಾಗುತ್ತಿತ್ತು. ವರ್ಷಗಳು ಕಳೆದ ಮೇಲೆ ಅವಳನ್ನು ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಇನ್ನೂ ಏನೋ ಉಳಿದಿದೆ ಎಂದು ಶಿಷ್ಯನಿಗೆ ಅನ್ನಿಸಿತು. ತಡೆಯಲಾಗದೆ ಮುಂದಕ್ಕೆ ಬಾಗಿ ಕೇಳಿದ:

“ಸಾಯುವ ಮುಂಚೆ ಎಂದಾದರೂ ಆಕೆ ಆ ಮಾತು ಹೇಳಿದಳೇ, ಗುರುಗಳೇ?”

“ನೀನೂ ಅವಳ ಬಾಯನ್ನೇ ನೋಡುತ್ತ ಕೂತಿದ್ದೀಯಲ್ಲ,” ಎಂದರು ಗುರುಗಳು.