ಕಡತದಲ್ಲಿ ಬೆಳೆದ ಐನೂರು ಬೇವು

ಜಲ್ಲಿ ಕ್ರಷರ್ ಮಾಲೀಕ ಶಿವನಂಜಪ್ಪನವರು ಪರಿಸರ ಕಚೇರಿಗೆ ಬಂದರೆ ಮೊದಲು ಅವರ ದನಿ ಬರುತ್ತಿತ್ತು, ಆಮೇಲೆ ಅವರು. ಅವರ ಪರವಾನಗಿಗೆ ಒಂದು ಷರತ್ತಿತ್ತು. ಹತ್ತಿರದ ಶಾಲೆಗೆ ದೂಳು ಹೋಗದಂತೆ, ಅವರ ಕಲ್ಲು ಕ್ವಾರಿಗೂ ಶಾಲೆಗೂ ನಡುವಿನ ಎರಡು ಎಕರೆಯಲ್ಲಿ ಐನೂರು ಬೇವಿನ ಗಿಡ ನೆಡಬೇಕು.

"ನೆಟ್ಟು ಮೂರು ವರ್ಷ ಆಯ್ತು. ಆಳೆತ್ತರ ಬೆಳೆದಿವೆ ಅಂತ ಬರ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಮೇಲಿನವರಿಗೆ ಫೋನ್ ಮಾಡ್ತೀನಿ."

ಗುಮಾಸ್ತೆ ನಿಂಗಾಜಮ್ಮ ದಿನಾ ಆ ಕ್ವಾರಿಯ ಮುಂದಿನ ದಾರಿಯಲ್ಲೇ ಬಸ್ಸಿನಲ್ಲಿ ಬರುವವರು. ಅಲ್ಲಿ ಹಸಿರು ಕಡ್ಡಿಯೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ವಾದ ಮಾಡಲಿಲ್ಲ. ಮಾಲೀಕರು ಹೇಳಿದ್ದನ್ನೇ ಬರೆದು, ಅವರ ರುಜು ಹಾಕಿಸಿ, ಮೊಹರು ಒತ್ತಿದರು.

ಗೆದ್ದ ಖುಷಿಯಲ್ಲಿ ಶಿವನಂಜಪ್ಪನವರು ಇನ್ನೊಂದು ಅರ್ಜಿ ಮುಂದಿಟ್ಟರು. ಕ್ವಾರಿಯನ್ನು ಅದೇ ಎರಡು ಎಕರೆಗೆ ವಿಸ್ತರಿಸಲು ಅನುಮತಿ ಬೇಕಂತೆ.

"ಇದಕ್ಕೆ ಅರಣ್ಯ ಇಲಾಖೆ ಒಪ್ಪಿಗೆ ತರಬೇಕು ಸಾರ್," ಎಂದರು ನಿಂಗಾಜಮ್ಮ. "ಐನೂರು ಮರ ಕಡೀಬೇಕಲ್ಲ."

"ಯಾವ ಮರ?"

ನಿಂಗಾಜಮ್ಮ ಆಗಷ್ಟೇ ರುಜು ಬಿದ್ದ ಹಾಳೆಯನ್ನು ಅವರ ಕಡೆ ತಿರುಗಿಸಿದರು.

ಅಲ್ಲಿ ಮರವೇ ಇಲ್ಲ ಎಂಬ ಮಾತು ಶಿವನಂಜಪ್ಪನವರ ಬಾಯಿತನಕ ಬಂದು ನಿಂತಿತು. ಅದನ್ನು ಆಡಿದರೆ ಇದ್ದ ಪರವಾನಗಿಯೂ ಹೋಗುತ್ತಿತ್ತು. ಅವರು ಕುಳಿತರು. ನೀರು ಕೇಳಿ ಕುಡಿದರು. ಹೊಸ ಅರ್ಜಿಯನ್ನು ಮಡಚಿ ಜೇಬಿಗೆ ಸೇರಿಸಿದರು.

"ಮುಂದಿನ ತಿಂಗಳು ಸಾಹೇಬರು ಗಿಡ ಎಣಿಸೋಕೆ ಬರ್ತಾರೆ ಸಾರ್."

ಶಿವನಂಜಪ್ಪನವರು ಬಾಗಿಲ ಕಡೆ ನೋಡಿ, ಮೇಜಿನ ಮೇಲೆ ಬಾಗಿ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ ಕೇಳಿದರು.

"ಆಳೆತ್ತರದ ಬೇವು ಯಾವ ನರ್ಸರಿಲಿ ಸಿಗುತ್ತಮ್ಮ?"

ನಿಂಗಾಜಮ್ಮ ವಿಳಾಸವನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟಿದ್ದರು.